ಭದ್ರೇಶ್ವರ ಯಾರ ದೇವರು?

ಈಚೆಗೆ ನಮ್ಮ ಕಡೆಯಿಂದ ವಿಯೆಟ್ನಾಮಿಗೆ ಹೋಗಿಬರುವವರು ಜಾಸ್ತಿಯಾಗಿದ್ದಾರೆ. ಹಾ ಲಾಂಗ್ ಕೊಲ್ಲಿಯ ದೋಣಿ, ಬಾ ನಾ ಬೆಟ್ಟದ ಮೇಲಿನ ಚಿನ್ನದ ಸೇತುವೆ, ಹೋಯ್ ಆನ್ ಊರಿನ ಬಣ್ಣದ ಲಾಂದ್ರಗಳು. ಈ ಫೋಟೋಗಳು ಎಲ್ಲರ ಫೋನಿನಲ್ಲೂ ಇವೆ. ಅದೇ ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ಒಳನಾಡಿನ ಕಡೆ ಹೋದರೆ ಮಿ ಸೋನ್ ಸಿಗುತ್ತದೆ. ಸುತ್ತ ಬೆಟ್ಟ, ನಡುವೆ ಒಂದು ತೊರೆ, ತೊರೆಯ ಆಚೀಚೆ ಕೆಂಪು ಇಟ್ಟಿಗೆಯ ಶಿವಾಲಯಗಳು. ಚಾಮ್ ಜನ ಇಲ್ಲಿ 4ನೇ ಶತಮಾನದ ಕೊನೆಯಿಂದ 13ನೇ ಶತಮಾನದವರೆಗೂ ಕಟ್ಟುತ್ತಲೇ ಹೋದರು. 1999ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮವರು ಅಲ್ಲಿಗೆ ಹೋದಾಗ ಒಂದು ಮಾತು ಸಹಜವಾಗಿ ಬಾಯಿಗೆ ಬರುತ್ತದೆ. "ನೋಡಿ, ನಮ್ಮ ಶಿವ ಎಲ್ಲೀವರೆಗೆ ಬಂದಿದ್ದಾನೆ!" ಆ ಖುಷಿ ನನಗೂ ಆಗಿದೆ. ಆದರೆ ಕಣಿವೆಯೊಳಗೆ ನಡೆಯುತ್ತಾ ಹೋದಂತೆ ಆ ಮಾತು ಅರ್ಧ ಮಾತ್ರ ನಿಜ ಅನಿಸತೊಡಗಿತು. ಉಳಿದ ಅರ್ಧದ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ.

ಅಮ್ಮನ ಜೊತೆ ಹೋಗಿದ್ದೆ. ಬಿಸಿಲು ಏರುವ ಮುಂಚೆಯೇ ನೋಡಿಬಿಡಿ ಅಂತ ಹೋಟೆಲಿನವರು ಹೇಳಿದ್ದರು. ಒಳ್ಳೆಯ ಸಲಹೆ. ಬೆಟ್ಟಗಳ ನಡುವಿನ ಜಾಗ, ಹೊತ್ತು ಏರಿದರೆ ಗಾಳಿಯೇ ಆಡುವುದಿಲ್ಲ. ಟೂರ್ ಬಸ್ಸುಗಳೂ ಬಂದು ತುಂಬಿಕೊಳ್ಳುತ್ತವೆ. ಗೇಟಿನಿಂದ ಒಳಗೆ ಬ್ಯಾಟರಿ ಗಾಡಿ ಇದೆ. ಅಲ್ಲಿಂದ ಮುಂದೆ ಮರಗಳ ನಡುವೆ ಕಾಲುದಾರಿ. ವಯಸ್ಸಾದವರೂ ನಿಧಾನಕ್ಕೆ ನಡೆಯಬಹುದು.

ಗುಡಿಗಳನ್ನು ಗುಂಪು ಮಾಡಿ ಎ, ಬಿ, ಸಿ, ಡಿ ಅಂತ ಗುರುತು ಹಾಕಿದ್ದಾರೆ. ಗುರುತು ಹಾಕಿದ್ದು ಫ್ರೆಂಚ್ ಪುರಾತತ್ವಜ್ಞ ಹೆನ್ರಿ ಪಾರ್ಮಾಂಟಿಯೆ. 1898ರಲ್ಲಿ ಫ್ರೆಂಚರು ಮೊದಲ ಸಲ ಈ ಕಣಿವೆಯನ್ನು ಕಂಡರು. ಅದಾದ ಕೆಲವೇ ವರ್ಷಗಳಲ್ಲಿ ಪಾರ್ಮಾಂಟಿಯೆ ಬಂದು ಕಾಡು ಕಡಿಸಿ, ಮಣ್ಣು ತೆಗೆಸಿ, ಒಂದೊಂದು ಗುಡಿಯ ನಕ್ಷೆಯನ್ನೂ ಬರೆದರು. 70ರ ಆಸುಪಾಸಿನ ಕಟ್ಟಡಗಳು. ಆ ನಕ್ಷೆಗಳ ಬೆಲೆ ಎಷ್ಟು ಅನ್ನುವುದು ಆಮೇಲೆ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಬಿ ಗುಂಪಿನ ನಡುವೆ ದೊಡ್ಡ ಗುಡಿಯೊಂದರ ಕಲ್ಲಿನ ಅಧಿಷ್ಠಾನ ಮಾತ್ರ ಉಳಿದಿದೆ. ಕಣಿವೆಯಲ್ಲಿ ಬೇರೆಲ್ಲ ಇಟ್ಟಿಗೆ, ಇದೊಂದಕ್ಕೆ ಮರಳುಗಲ್ಲು. ಮಿ ಸೋನ್‌ನ ಮುಖ್ಯ ದೇವರಾದ ಭದ್ರೇಶ್ವರನ ಸ್ಥಾನ ಇದು. ಮೇಲೆ ಛಾವಣಿ ಇಲ್ಲ. ಬಯಲಿನಲ್ಲಿ ಪಾಣಿಪೀಠ, ಅದರ ಮೇಲೆ ಲಿಂಗ. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದರು. ನೀರು ಹರಿಯುವ ಗೋಮುಖವನ್ನು ನೋಡಿ, "ಇಲ್ಲಿ ಅಭಿಷೇಕ ಯಾರು ಮಾಡ್ತಾರೋ?" ಅಂದರು. ನಮ್ಮ ಗೈಡ್ ವಿಯೆಟ್ನಾಮಿನ ಬಹುಸಂಖ್ಯಾತ ಕಿನ್ ಜನಾಂಗದ ಹುಡುಗ. ಅವನನ್ನು ಕೇಳಿದೆ. ಈಗ ಈ ಕಣಿವೆಯ ಸುತ್ತ ಚಾಮ್ ಜನ ಇಲ್ಲ, ದಿನದ ಪೂಜೆಯೂ ಇಲ್ಲ ಅಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಅಷ್ಟಕ್ಕೆ ಬಿಡಲಿಲ್ಲ. "ಹಾಗಾದ್ರೆ ಆ ಜನ ಎಲ್ಲಿ ಹೋದ್ರು? ಅದನ್ನ ಕೇಳು."

ನಾವೆಲ್ಲ ಗುಡಿ ನೋಡುತ್ತಿದ್ದೆವು. ಅಮ್ಮ ಜನರನ್ನು ಕೇಳುತ್ತಿದ್ದರು. ಮಿ ಸೋನ್ ನೋಡಲು ಅದೇ ಸರಿಯಾದ ದಾರಿ ಅಂತ ನನಗೆ ಈಗ ಅನಿಸುತ್ತದೆ.

ಭದ್ರೇಶ್ವರ ಅನ್ನುವ ಹೆಸರು ಬಂದದ್ದು ಭದ್ರವರ್ಮ ಎಂಬ ಚಾಮ್ ರಾಜನಿಂದ. 4ನೇ ಶತಮಾನದ ಕೊನೆಯ ಹೊತ್ತಿಗೆ ಅವನು ಇಲ್ಲಿ ಲಿಂಗ ಸ್ಥಾಪಿಸಿ, ತನ್ನ ಹೆಸರಿಗೆ ಈಶ್ವರನನ್ನು ಸೇರಿಸಿದ. ಪಟ್ಟದಕಲ್ಲು ನೋಡಿದವರಿಗೆ ಈ ಪದ್ಧತಿ ಹೊಸದಲ್ಲ. ಚಾಲುಕ್ಯ ವಿಜಯಾದಿತ್ಯ ಕಟ್ಟಿಸಿದ್ದು ವಿಜಯೇಶ್ವರ, ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ. ಇವತ್ತು ನಾವು ಸಂಗಮೇಶ್ವರ, ವಿರೂಪಾಕ್ಷ ಅಂತ ಕರೆಯುವ ಗುಡಿಗಳವು. ಭದ್ರವರ್ಮ ಅವರಿಗಿಂತ 300 ವರ್ಷ ಹಿಂದಿನವನು ಅನ್ನುವುದು ಗಮನಿಸಬೇಕಾದ ವಿಷಯ.

ಅವನ ಸಂಸ್ಕೃತ ಶಾಸನ ಸಿಕ್ಕಿದೆ. ಬೆಟ್ಟಗಳ ಹೆಸರು ಹೇಳಿ ಗಡಿ ಹಾಕಿ, ಒಳಗಿನ ಭೂಮಿಯನ್ನೆಲ್ಲ ದೇವರಿಗೆ ಬಿಟ್ಟಿದ್ದಾನೆ. ಮುಂದೆ ಬರುವ ರಾಜರು ಇದನ್ನು ಕೆಡಿಸಿದರೆ ಅವರ ಪುಣ್ಯವೆಲ್ಲ ತನಗೆ, ತನ್ನ ಪಾಪವೆಲ್ಲ ಅವರಿಗೆ ಅನ್ನುವ ಅರ್ಥದ ಮಾತೂ ಅಲ್ಲಿದೆ. ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪದ ಸಾಲುಗಳನ್ನು ಓದಿದವರಿಗೆ ಈ ದನಿ ಪರಿಚಿತ. ಆದರೂ ಅಲ್ಲಿ ಗದರಿಸುತ್ತಿರುವುದು ಒಬ್ಬ ಚಾಮ್ ರಾಜ, ಕೇಳಿಸಿಕೊಳ್ಳಬೇಕಾದವರು ಮುಂದಿನ ಚಾಮ್ ರಾಜರು.

ಅವರು ಕೇಳಿಸಿಕೊಂಡರು ಕೂಡ. ಮೊದಲ ಗುಡಿ ಬೆಂಕಿಗೆ ಆಹುತಿಯಾಯಿತು. ಶಂಭುವರ್ಮ ಅದನ್ನು ಮತ್ತೆ ಕಟ್ಟಿಸಿದ, ದೇವರಿಗೆ ಶಂಭುಭದ್ರೇಶ್ವರ ಅಂತ ಹೆಸರಿಟ್ಟ. ಹಳೆಯ ರಾಜನ ಹೆಸರನ್ನು ತೆಗೆಯದೆ ತನ್ನದನ್ನು ಸೇರಿಸಿದ. ಅವನ ಕಾಲದಲ್ಲೇ, 605ರಲ್ಲಿ, ಚೀನಾದ ಸುಯಿ ಸೈನ್ಯ ಬಂದು ಚಾಮ್ ರಾಜಧಾನಿಯನ್ನು ಕೊಳ್ಳೆ ಹೊಡೆಯಿತು. ಆಮೇಲೆ ಕಾಂಬೋಡಿಯಾದ ಖಮೇರರ ಜೊತೆ ಯುದ್ಧ, ಉತ್ತರದ ವಿಯೆಟ್ ರಾಜರ ಜೊತೆ ಯುದ್ಧ. ಪ್ರತಿ ಸಲವೂ ಯಾರೋ ಒಬ್ಬ ರಾಜ ಈ ಕಣಿವೆಗೆ ಬಂದು ಬಿದ್ದದ್ದನ್ನು ಎತ್ತಿ ನಿಲ್ಲಿಸಿದ. ಸಾಲದ್ದಕ್ಕೆ ಇನ್ನೊಂದು ಗುಡಿ ಸೇರಿಸಿದ. ಲಿಂಗಕ್ಕೆ ತೊಡಿಸಲು ಲೋಹದ ಕವಚ ಮಾಡಿಸಿಕೊಟ್ಟ. ಇದಕ್ಕೆ ಅವರು 'ಕೋಶ' ಅನ್ನುತ್ತಿದ್ದರು.

ಹಾಗಾದರೆ ಈ ಚಾಮ್ ಜನ ಯಾರು? ಭಾರತದಿಂದ ಹೋಗಿ ನೆಲೆಸಿದವರಾ? ಕಳೆದ ಶತಮಾನದ ಮೊದಲ ಭಾಗದಲ್ಲಿ ನಮ್ಮ ಕೆಲವು ಇತಿಹಾಸಕಾರರು ಇದನ್ನೆಲ್ಲ ಭಾರತದ ವಸಾಹತು ಅಂತಲೇ ಬರೆದರು. ಬ್ರಿಟಿಷರ ಕೈಕೆಳಗಿದ್ದ ಕಾಲದಲ್ಲಿ ಹಾಗೆ ಬರೆಯುವ ಆಸೆ ಅರ್ಥವಾಗುತ್ತದೆ. ಆದರೆ ಚಂಪಾವನ್ನು, ಅಂದರೆ ಚಾಮರ ನಾಡನ್ನು, ಗೆದ್ದ ಭಾರತದ ಸೈನ್ಯ ಅಂತ ಒಂದಿಲ್ಲ. ಚಾಮರ ಭಾಷೆ ಮಲಯ ಮತ್ತು ಸುಮಾತ್ರಾ ದ್ವೀಪದ ಅಚೇನೀಸ್ ಭಾಷೆಗಳ ಬಳಗದ್ದು. ಅವರು ಸಮುದ್ರದ ಜನ. ಇಂದಿನ ಮಧ್ಯ ಮತ್ತು ದಕ್ಷಿಣ ವಿಯೆಟ್ನಾಮಿನ ಕರಾವಳಿಯ ಉದ್ದಕ್ಕೂ ಅವರ ರಾಜ್ಯಗಳಿದ್ದವು: ಅಮರಾವತಿ, ವಿಜಯ, ಕೌಠಾರ, ಪಾಂಡುರಂಗ. ಚೀನಾಕ್ಕೆ ಹೋಗಿಬರುವ ಹಡಗುಗಳು ಅವರ ಬಂದರುಗಳಲ್ಲಿ ನಿಲ್ಲುತ್ತಿದ್ದವು. ಬೆಟ್ಟದ ಕಾಡಿನಿಂದ ಅಗರು ಮರ ಇಳಿದು ಬರುತ್ತಿತ್ತು. ವ್ಯಾಪಾರದ ಜೊತೆ ಮಂತ್ರ, ಲಿಪಿ, ಕಥೆ, ದೇವರು ಎಲ್ಲ ಬಂದವು. ಬಂದದ್ದರಲ್ಲಿ ತಮಗೆ ಬೇಕಾದ್ದನ್ನು ಅವರು ಆರಿಸಿಕೊಂಡರು.

ಮಿ ಸೋನ್‌ನಿಂದ 10 ಕಿಲೋಮೀಟರ್ ಆಸುಪಾಸಿನಲ್ಲಿ ತ್ರಾ ಕಿಯೆವ್ ಅನ್ನುವ ಊರಿದೆ. ಅದೇ ಹಳೆಯ ಸಿಂಹಪುರ, ಚಾಮರ ರಾಜಧಾನಿ. ಅದರ ಹತ್ತಿರ ದೊಂಗ್ ಯೆನ್ ಚೌ ಎಂಬಲ್ಲಿ ಚಾಮ್ ಭಾಷೆಯ ಶಾಸನ ಸಿಕ್ಕಿದೆ. ಸುಮಾರು 4ನೇ ಶತಮಾನದ್ದು. ಮಲಯ, ಜಾವಾ, ಫಿಲಿಪೀನ್ಸ್ ಭಾಷೆಗಳೆಲ್ಲ ಸೇರುವ ಆಸ್ಟ್ರೋನೇಷ್ಯನ್ ಕುಟುಂಬದಲ್ಲಿ ಇಷ್ಟು ಹಳೆಯ ಬರಹ ಇನ್ನೊಂದಿಲ್ಲ. ನಮ್ಮ ಹಲ್ಮಿಡಿ ಶಾಸನ 5ನೇ ಶತಮಾನದ ನಡುವಿನದು. ದಕ್ಷಿಣದ ಬ್ರಾಹ್ಮಿಯಿಂದ ಬೆಳೆದ ಲಿಪಿಯಲ್ಲಿ, ಸಂಸ್ಕೃತದ ನೆರಳಿನಲ್ಲಿ, ಎರಡು ಬೇರೆ ಬೇರೆ ಜನ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತಮ್ಮ ಮಾತನ್ನು ಕಲ್ಲಿನ ಮೇಲೆ ಬರೆಯಲು ಶುರುಮಾಡಿದರು. ಹಲ್ಮಿಡಿ ಶಾಸನ ನಮ್ಮದು ಅಂತ ಹೇಳಿಕೊಳ್ಳಲು ನಮಗೆ ಯಾರ ಅಪ್ಪಣೆಯೂ ಬೇಡ. ಚಾಮರಿಗೂ ಹಾಗೇ ಅಲ್ವಾ?

ಇನ್ನೊಂದು ಶಾಸನ ನನಗೆ ಬಹಳ ಇಷ್ಟ. ಪ್ರಕಾಶಧರ್ಮ ಎಂಬ ರಾಜ 658ರಲ್ಲಿ ಮಿ ಸೋನ್‌ನಲ್ಲಿ ಹಾಕಿಸಿದ್ದು. ಅದರಲ್ಲಿ ಕೌಂಡಿನ್ಯ ಎಂಬ ಬ್ರಾಹ್ಮಣನ ಕಥೆ ಬರುತ್ತದೆ. ದ್ರೋಣನ ಮಗ ಅಶ್ವತ್ಥಾಮನಿಂದ ಪಡೆದ ಈಟಿಯನ್ನು ಅವನು ಭವಪುರದ ನೆಲದಲ್ಲಿ ನೆಡುತ್ತಾನೆ. ಅಲ್ಲಿನ ನಾಗರಾಜನ ಮಗಳು ಸೋಮಾಳನ್ನು ಮದುವೆಯಾಗುತ್ತಾನೆ. ಅಲ್ಲಿಂದ ರಾಜವಂಶ. ಭವಪುರ ಈಗಿನ ಕಾಂಬೋಡಿಯಾ ಕಡೆಯದು, ಪ್ರಕಾಶಧರ್ಮನ ತಾಯಿಯ ತವರು. ಈ ಕಥೆಯಲ್ಲಿ ಬ್ರಾಹ್ಮಣನಷ್ಟೇ ಮುಖ್ಯ ಸೋಮಾ. ನೆಲ ಅವಳದು. ಹೊರಗಿನಿಂದ ಬಂದವನು ಅವಳ ಮನೆಗೆ ಸೇರಿಕೊಂಡ ಮೇಲೆ ವಂಶ ಬೆಳೆಯುತ್ತದೆ. ಇವತ್ತಿಗೂ ಚಾಮರಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಹೋಗುತ್ತಾನೆ, ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ. ಇದೇ ಪ್ರಕಾಶಧರ್ಮ ತ್ರಾ ಕಿಯೆವ್‌ನಲ್ಲಿ ವಾಲ್ಮೀಕಿಗೆ ಒಂದು ಗುಡಿ ಕಟ್ಟಿಸಿದ್ದ. ದೇವರ ಕಥೆ ಬರೆದ ಕವಿಗೇ ಗುಡಿ! ಆ ಶಾಸನದ ವಿಷಯ ತಿಳಿದ ದಿನ ನನಗೆ ಆದ ಸಂತೋಷ ದೊಡ್ಡದು.

ಈಗ ಗೋಡೆಗಳ ಹತ್ತಿರ ಬರೋಣ. ಚಾಮ್ ಗುಡಿಯ ಮುಂದೆ ನಿಂತರೆ ಮೊದಲು ಬೆರಗಾಗುವುದು ಇಟ್ಟಿಗೆಗೆ. ಎರಡು ಇಟ್ಟಿಗೆಗಳ ನಡುವೆ ಗಾರೆ ಕಾಣುವುದಿಲ್ಲ. ಉಗುರು ಹೋಗುವಷ್ಟೂ ಸಂದಿಲ್ಲ. ಗೋಡೆ ಎದ್ದ ಮೇಲೆ ಅದರ ಮೈಯನ್ನೇ ಕೆತ್ತಿದ್ದಾರೆ. ಬಳ್ಳಿ, ಹೂವು, ಕೈಮುಗಿದು ನಿಂತ ದೇವತೆಗಳು, ಎಲ್ಲ ಇಟ್ಟಿಗೆಯಲ್ಲೇ. ಕಲ್ಲಿನ ಕೆತ್ತನೆ ನೋಡಿ ಬೆಳೆದ ನಮ್ಮ ಕಣ್ಣಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕು. ಇಟ್ಟಿಗೆ ಹೇಗೆ ಅಂಟಿಸಿದರು ಅನ್ನುವುದರ ಮೇಲೆ ನೂರು ವರ್ಷದಿಂದ ಚರ್ಚೆ ನಡೆದಿದೆ. ಅಲ್ಲಿನ ಕಾಡಿನಲ್ಲಿ ಸಿಗುವ 'ದೌ ರಾಯ್' ಮರದ ರಾಳ ಬಳಸಿದ್ದರು ಅನ್ನುವುದು ಒಂದು ವಾದ. ಆ ಭಾಗದ ಜನ ಇದೇ ರಾಳವನ್ನು ದೋಣಿಗೆ ಬಳಿಯುತ್ತಾರೆ. ಹೊಸ ಕಾಲದ ಇಟ್ಟಿಗೆ ಹಾಕಿ ದುರಸ್ತಿ ಮಾಡಿದ ಕಡೆ ಪಾಚಿ ಹಿಡಿದಿದೆ, ಉಪ್ಪು ಬಿಟ್ಟುಕೊಂಡು ಬೆಳ್ಳಗಾಗಿದೆ. ಪಕ್ಕದ ಸಾವಿರ ವರ್ಷದ ಗೋಡೆ ಇನ್ನೂ ಕೆಂಪಗೆ, ಚೊಕ್ಕಟವಾಗಿದೆ. ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ, ಎದುರಿಗೇ ಕಾಣುತ್ತದೆ.

ಭದ್ರೇಶ್ವರನ ಸ್ಥಾನದ ಪಕ್ಕದಲ್ಲೇ ದೇವರ ಒಡವೆ, ಪಾತ್ರೆ ಇಡುವ ಉಗ್ರಾಣದಂಥ ಕಟ್ಟಡ ಇದೆ. ಅದರ ಛಾವಣಿ ದೋಣಿಯನ್ನು ಮಗುಚಿ ಇಟ್ಟಂತೆ ಬಾಗಿದೆ. ಗೋಡೆಯ ಮೇಲೆ ಎರಡು ಆನೆಗಳು ಮರದ ಕೆಳಗೆ ಸೊಂಡಿಲು ಹೆಣೆದುಕೊಂಡು ನಿಂತಿವೆ. ಮರ ಅಲ್ಲಿನ ಕರಾವಳಿಯ ತೆಂಗಿನಮರ. ನಮ್ಮ ಬಾದಾಮಿಯಲ್ಲಾಗಲಿ, ಕಂಚಿಯಲ್ಲಾಗಲಿ ಇಂಥ ಕಟ್ಟಡ ಸಿಗುವುದಿಲ್ಲ. ಶಿವ ಬಂದದ್ದು ನಮ್ಮ ಕಡೆಯಿಂದ ನಿಜ. ಆದರೆ ಮನೆ ಕಟ್ಟಿದವರು ಅವರು. ಅವರ ಮಣ್ಣಿನಿಂದ, ಅವರ ರಾಳದಿಂದ, ಅವರ ಕಣ್ಣಿಗೆ ಹಿಡಿಸಿದ ಆಕಾರದಲ್ಲಿ.

ಎ ಗುಂಪಿಗೆ ಹೋದಾಗ ಮನಸ್ಸು ಕೆಟ್ಟುಹೋಯಿತು. ಅಲ್ಲಿ ಎ1 ಎಂಬ ಗುಡಿ ಇತ್ತು. ಸುಮಾರು 24 ಮೀಟರ್ ಎತ್ತರ, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಬಾಗಿಲು. ಚಾಮ್ ಶಿಲ್ಪದಲ್ಲಿ ಇದಕ್ಕಿಂತ ಸುಂದರವಾದದ್ದು ಇರಲಿಲ್ಲ ಅಂತ ನೋಡಿದವರು ಬರೆದಿದ್ದಾರೆ. ಯುದ್ಧದ ಕಾಲದಲ್ಲಿ ಗೆರಿಲ್ಲಾಗಳು ಈ ಕಣಿವೆಯಲ್ಲಿ ನೆಲೆ ಮಾಡಿಕೊಂಡಿದ್ದರು. 1969ರ ಆಗಸ್ಟಿನಲ್ಲಿ ಅಮೆರಿಕದ ವಿಮಾನಗಳು ಬಾಂಬು ಹಾಕಿದವು. ಹತ್ತು ಶತಮಾನ ನಿಂತಿದ್ದ ಗೋಪುರ ಕೆಲವೇ ದಿನಗಳಲ್ಲಿ ಇಟ್ಟಿಗೆ ರಾಶಿಯಾಯಿತು. ಚಾಮ್ ಕಲೆಯನ್ನು ಜೀವನಪೂರ್ತಿ ಅಭ್ಯಾಸ ಮಾಡಿದ್ದ ಪ್ಯಾರಿಸಿನ ಫಿಲಿಪ್ ಸ್ಟರ್ನ್, ಈ ಕಣಿವೆಯನ್ನು ಬಿಟ್ಟುಬಿಡಿ ಅಂತ ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಪತ್ರ ಬರೆದರು. ಆದರೆ ಎ1 ಅಷ್ಟರಲ್ಲಿ ಹೋಗಿತ್ತು. ಈಗ ನೋಡಲು ಸಿಗುವುದು ದೊಡ್ಡ ಪೀಠ, ಬುಡದ ಗೋಡೆ ಮತ್ತು ಪಾರ್ಮಾಂಟಿಯೆ ಬರೆದಿಟ್ಟ ನಕ್ಷೆಗಳು. ಕಣಿವೆಯಲ್ಲಿ ಬಾಂಬು ಬಿದ್ದ ಗುಂಡಿಗಳು ಇನ್ನೂ ಇವೆ. ಹುಲ್ಲು ಬೆಳೆದಿರುವುದರಿಂದ ಹೇಳದಿದ್ದರೆ ಗೊತ್ತಾಗುವುದಿಲ್ಲ.

ಯುದ್ಧ ಮುಗಿದ ಮೇಲೆ, 1980ರ ದಶಕದ ಮೊದಲಲ್ಲಿ, ಇಲ್ಲಿಗೆ ಪೋಲೆಂಡಿನ ಒಬ್ಬ ವಾಸ್ತುಶಿಲ್ಪಿ ಬಂದರು. ಕಾಜಿಮೆಜ್ ಕ್ವಿಯಾತ್ಕೋವ್ಸ್ಕಿ. ಅಲ್ಲಿನ ಜನರಿಗೆ ಅವರು ಕಾಜಿಕ್. ಸಿಡಿಯದ ಬಾಂಬುಗಳು ನೆಲದಲ್ಲಿದ್ದ ಕಾಲ. ಕರೆಂಟಿಲ್ಲ, ಸರಿಯಾದ ರಸ್ತೆಯಿಲ್ಲ. ಇದ್ದ ಗೋಡೆಯನ್ನು ಇದ್ದ ಹಾಗೆಯೇ ಉಳಿಸಬೇಕು, ಬಿದ್ದ ಇಟ್ಟಿಗೆಯನ್ನು ಅದರ ಜಾಗಕ್ಕೇ ಇಡಬೇಕು, ಊಹೆ ಮಾಡಿ ಹೊಸದು ಕಟ್ಟಬಾರದು ಅನ್ನುವುದು ಅವರ ಹಟ. ಬಿ, ಸಿ, ಡಿ ಗುಂಪಿನ ಗುಡಿಗಳು ಇವತ್ತು ನಿಂತಿರುವುದರ ಹಿಂದೆ ಆ ಹಟ ಇದೆ. 1997ರಲ್ಲಿ ಅವರು ವಿಯೆಟ್ನಾಮಿನ ಹ್ವೇ ನಗರದಲ್ಲೇ ತೀರಿಕೊಂಡರು. ಹೋಯ್ ಆನ್‌ನಲ್ಲಿ ಅವರ ಪ್ರತಿಮೆ ಇದೆ, ಆ ಹಳೆಯ ಊರು ಉಳಿಯಲೂ ಅವರೇ ಒಂದು ಕಾರಣ. ಅಲ್ಲಿಗೆ ಹೋದವರು ದಯವಿಟ್ಟು ಒಂದು ನಿಮಿಷ ಅದರ ಮುಂದೆ ನಿಲ್ಲಿ.

ಆಮೇಲೆ ಇಟಲಿಯವರು ಜಿ ಗುಂಪಿನ ಕೆಲಸ ಮಾಡಿದರು. 2017ರಿಂದ 2022ರವರೆಗೆ ನಮ್ಮ ಭಾರತೀಯ ಪುರಾತತ್ವ ಇಲಾಖೆಯ ತಂಡ ಕೆ, ಎಚ್ ಮತ್ತು ಎ ಗುಂಪುಗಳಲ್ಲಿ ಕೆಲಸ ಮಾಡಿತು. 2020ರ ಮೇ ತಿಂಗಳಲ್ಲಿ ಇದೇ ಕೆಲಸದ ವೇಳೆ ಮರಳುಗಲ್ಲಿನ ಏಕಶಿಲೆಯ ಶಿವಲಿಂಗ ಹೊರಬಂತು. 9ನೇ ಶತಮಾನದ್ದು. ಸುದ್ದಿ ನಮ್ಮ ಪತ್ರಿಕೆಗಳಲ್ಲೆಲ್ಲ ಬಂತು. ನನಗೆ ಹೆಮ್ಮೆಯಾಗುವುದು ಆ ಲಿಂಗ ನಮ್ಮದು ಅಂತಲ್ಲ. ಬೇರೆಯವರ ಮನೆ ಬಿದ್ದಾಗ ನಮ್ಮ ಜನ ಹೋಗಿ ಬಿಸಿಲಲ್ಲಿ ನಿಂತು ಇಟ್ಟಿಗೆ ಜೋಡಿಸಿದರು ಅಂತ.

ಮಿ ಸೋನ್‌ನ ಒಳ್ಳೊಳ್ಳೆಯ ಶಿಲ್ಪಗಳು ಕಣಿವೆಯಲ್ಲಿಲ್ಲ, ದಾ ನಾಂಗ್‌ನ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿವೆ. ಅದು 1919ರಲ್ಲಿ ಶುರುವಾದದ್ದು. ಅದನ್ನು ನೋಡದೆ ಬರಬೇಡಿ. 7ನೇ ಶತಮಾನದ ಇ1 ಗುಡಿಯ ಪೀಠದ ಸುತ್ತ ತಪಸ್ವಿಗಳ ದಿನಚರಿ ಇದೆ. ಒಬ್ಬ ವಾದ್ಯ ನುಡಿಸುತ್ತಿದ್ದಾನೆ, ಇನ್ನೊಬ್ಬ ಧ್ಯಾನದಲ್ಲಿದ್ದಾನೆ. ಶೇಷನ ಮೇಲೆ ಮಲಗಿದ ವಿಷ್ಣುವಿನ ಹೊಕ್ಕುಳಿನಿಂದ ಬ್ರಹ್ಮ ಹುಟ್ಟುವ ಶಿಲ್ಪವೂ ಅಲ್ಲೇ ಇದೆ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.

ಸರಿ, ಅಮ್ಮ ಕೇಳಿದ ಪ್ರಶ್ನೆಗೆ ಬರುತ್ತೇನೆ. ಆ ಜನ ಎಲ್ಲಿ ಹೋದರು? ದಕ್ಷಿಣಕ್ಕೆ ಸರಿಯುತ್ತಾ ಹೋದರು. 982ರಲ್ಲಿ ವಿಯೆಟ್ ರಾಜ ಬಂದು ಅವರ ಆಗಿನ ರಾಜಧಾನಿ ಇಂದ್ರಪುರವನ್ನು ಹಾಳುಮಾಡಿದ. 1471ರಲ್ಲಿ ವಿಜಯ ಬಿತ್ತು. ಕೊನೆಗೆ ಉಳಿದಿದ್ದ ಪಾಂಡುರಂಗವನ್ನು 1832ರಲ್ಲಿ ಮಿನ್ ಮಾಂಗ್ ಚಕ್ರವರ್ತಿ ತನ್ನ ರಾಜ್ಯಕ್ಕೆ ಸೇರಿಸಿಕೊಂಡ. ಅಲ್ಲಿಗೆ ಚಂಪಾ ಎಂಬ ರಾಜ್ಯ ಮುಗಿಯಿತು. ಜನ ಮುಗಿಯಲಿಲ್ಲ. 2019ರ ಜನಗಣತಿಯಲ್ಲಿ ವಿಯೆಟ್ನಾಮಿನ ಚಾಮರು ಸುಮಾರು 1,79,000. ಕಾಂಬೋಡಿಯಾದಲ್ಲಿ ಇನ್ನೂ ಜಾಸ್ತಿ, ಅಲ್ಲಿನವರು ಹೆಚ್ಚಾಗಿ ಮುಸ್ಲಿಮರು. ವಿಯೆಟ್ನಾಮಿನ ಫಾನ್ ರಾಂಗ್ ಸುತ್ತಮುತ್ತ, ಅಂದರೆ ಹಳೆಯ ಪಾಂಡುರಂಗದಲ್ಲಿ, ಎರಡು ಪಂಗಡಗಳಿವೆ. ಒಂದು ಬಲಮೋನ್, ಶಿವನ ಗುಡಿಗಳನ್ನು ನಡೆಸಿಕೊಂಡು ಬಂದವರು. ಇನ್ನೊಂದು ಬಾನಿ, ಇಸ್ಲಾಮನ್ನು ತಮ್ಮ ರೀತಿಯಲ್ಲಿ ಒಗ್ಗಿಸಿಕೊಂಡವರು. ಬಲಮೋನರು ದನದ ಮಾಂಸ ತಿನ್ನುವುದಿಲ್ಲ, ಬಾನಿಗಳು ಹಂದಿ ಮಾಂಸ ತಿನ್ನುವುದಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರು ಪೂರ್ತಿಯಲ್ಲ ಅಂತ ಇಬ್ಬರೂ ಭಾವಿಸುತ್ತಾರೆ.

ಇಷ್ಟು ತಿಳಿದ ಮೇಲೆ ಅಲ್ಲಿಗೆ ಹೋಗದೆ ಇರಲು ಅಮ್ಮ ಬಿಡಲಿಲ್ಲ. ಫಾನ್ ರಾಂಗ್ ಪಕ್ಕದ ಒಣಗಿದ ಗುಡ್ಡದ ಮೇಲೆ ಪೋ ಕ್ಲೊಂಗ್ ಗರೈ ಗುಡಿ ಇದೆ. 13ನೇ ಶತಮಾನ ಕಳೆದು 14ನೇ ಶತಮಾನ ಹುಟ್ಟುವ ಹೊತ್ತಿಗೆ ಕಟ್ಟಿದ್ದು. ಬಾಗಿಲ ಮೇಲೆ ಆರು ಕೈಯ ಶಿವ ಕುಣಿಯುತ್ತಿದ್ದಾನೆ. ಒಳಗೆ ನಂದಿ. ಗರ್ಭಗುಡಿಯಲ್ಲಿ ಮುಖವಿರುವ ಲಿಂಗ. ಆ ಮುಖ ಪೋ ಕ್ಲೊಂಗ್ ಗರೈ ರಾಜನದು. ಕುಷ್ಠರೋಗಿಯಾಗಿ ಹುಟ್ಟಿ, ವಾಸಿಯಾಗಿ, ರಾಜನಾಗಿ, ಈ ಬರಡು ಸೀಮೆಗೆ ಒಡ್ಡು ಕಟ್ಟಿಸಿ ನೀರು ಹರಿಸಿದವನು ಅಂತ ಐತಿಹ್ಯ. ವಿಯೆಟ್ನಾಮಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗ ಅದು. ನೀರು ಕೊಟ್ಟ ರಾಜ ಅಲ್ಲಿನ ಜನರಿಗೆ ಶಿವನೇ ಆಗಿದ್ದಾನೆ.

ಇಲ್ಲಿ ಅಭಿಷೇಕ ನಡೆಯುತ್ತದೆ. ಚಾಮ್ ಪಂಚಾಂಗದ ಏಳನೇ ತಿಂಗಳ ಮೊದಲ ದಿನ ಕಾತೆ ಹಬ್ಬ. ಬೆಟ್ಟದ ಮೇಲಿನ ರಗ್ಲಾಯ್ ಜನ ರಾಜನ ಉಡುಪನ್ನು ತಮ್ಮಲ್ಲಿ ಇಟ್ಟುಕೊಂಡು ಕಾಯುತ್ತಾರೆ, ಹಬ್ಬಕ್ಕೆ ಕೆಳಗೆ ತರುತ್ತಾರೆ. ಚಾಮರ ಕಥೆಯಲ್ಲಿ ರಗ್ಲಾಯರು ಮನೆಯ ಕಿರಿಯ ಮಗಳು. ಮನೆತನದ ಆಸ್ತಿ ಕಾಯುವ ಹಕ್ಕು ಕಿರಿಯ ಮಗಳದೇ. ಅರ್ಚಕರು ಬಾಗಿಲು ತೆಗೆಯುತ್ತಾರೆ, ದೇವರಿಗೆ ಸ್ನಾನ ಮಾಡಿಸುತ್ತಾರೆ, ಬಟ್ಟೆ ಉಡಿಸುತ್ತಾರೆ. ಹಾಡುವವನು ಆಮೆ ಚಿಪ್ಪಿನ ಎರಡು ತಂತಿಯ ವಾದ್ಯ ನುಡಿಸುತ್ತಾ ರಾಜರ ಕಥೆ ಹಾಡುತ್ತಾನೆ.

ನಾವು ಹೋದಾಗ ಹಬ್ಬ ಇರಲಿಲ್ಲ. ಗುಡಿಯ ಹತ್ತಿರ ತಲೆಗೆ ಬಟ್ಟೆ ಸುತ್ತಿದ್ದ ಒಬ್ಬ ಚಾಮ್ ಅಜ್ಜಿ ಇದ್ದರು. ಹಬ್ಬದ ಬಗ್ಗೆ ಫೋನಿನ ಅನುವಾದದಲ್ಲಿ ಕೇಳಿದೆವು. ಅವರು ಹೇಳಿದ್ದು ಪೂರ್ತಿ ಬರಲಿಲ್ಲ, ಅಮ್ಮನಿಗೆ ಅದೇನೂ ಅಡ್ಡಿಯಾಗಲಿಲ್ಲ. ಅಜ್ಜಿ ಲಿಂಗಕ್ಕೆ ನೀರು ಹೊಯ್ಯುವ ಹಾಗೆ ಕೈ ಮಾಡಿ ತೋರಿಸಿದರು, ಅಮ್ಮನೂ ನಮ್ಮೂರಲ್ಲಿ ಹೇಗೆ ಅಂತ ತೋರಿಸಿದರು. ಹೊರಗೆ ಬಂದ ಮೇಲೆ ಅಮ್ಮ ಅಂದರು, "ಅವರ ದೇವರು ಕಣೋ ಇದು. ನಾವು ನೆಂಟರು." ನಾನು ಇಷ್ಟು ಉದ್ದ ಬರೆದು ಹೇಳಲು ಹೊರಟಿದ್ದೂ ಇದನ್ನೇ.

ನೀವು ಹೋಗುವುದಾದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಹೋಗಿ. ಕಾತೆ ಬರುವುದು ಆಗಲೇ, ತಾರೀಕು ವರ್ಷ ವರ್ಷ ಬದಲಾಗುತ್ತದೆ. ಮೊದಲು ದಾ ನಾಂಗ್ ಸಂಗ್ರಹಾಲಯ, ಆಮೇಲೆ ಮಿ ಸೋನ್. ದಾ ನಾಂಗ್‌ನಿಂದ ದಕ್ಷಿಣಕ್ಕೆ ಹೋಗುವ ರೈಲು ಹಿಡಿದರೆ 600 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ತಾಪ್ ಚಾಮ್ ಸ್ಟೇಷನ್‌ನಲ್ಲಿ ಇಳಿಯಬೇಕು. ಪೋ ಕ್ಲೊಂಗ್ ಗರೈ ಅಲ್ಲೇ ಹತ್ತಿರ. ಅರ್ಧ ದಿನ ಮಿಕ್ಕಿದರೆ ಬೌ ತ್ರುಕ್ ಎಂಬ ಚಾಮ್ ಕುಂಬಾರರ ಊರಿಗೆ ಹೋಗಿಬನ್ನಿ. ಅಲ್ಲಿ ಹೆಂಗಸರು ತಿಗರಿ ಇಲ್ಲದೆ ಮಡಕೆ ಮಾಡುತ್ತಾರೆ. ಮಡಕೆ ನಿಂತಲ್ಲೇ ಇರುತ್ತದೆ, ಅದರ ಸುತ್ತ ಅವರು ತಿರುಗುತ್ತಾರೆ. ಈ ಕೆಲಸ ಕಲಿಯುವ ಹುಡುಗಿಯರು ಕಡಿಮೆಯಾಗುತ್ತಿದ್ದಾರೆ ಅಂತ 2022ರಲ್ಲಿ ಯುನೆಸ್ಕೋ ಇದನ್ನು ತುರ್ತಾಗಿ ಕಾಪಾಡಬೇಕಾದ ಕಲೆಗಳ ಪಟ್ಟಿಗೆ ಸೇರಿಸಿದೆ. ಒಂದೆರಡು ಮಡಕೆ ಕೊಂಡುಕೊಳ್ಳಿ, ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ನಡುವೆ ಇಟ್ಟರೆ ಒಡೆಯುವುದಿಲ್ಲ.